ಕ್ರಾಸ್ ಸ್ಟಿಚ್‌ಗೆ ಚಿತ್ರಕಲೆ ಬೇಡ, ಎಣಿಸಲು ಬಂದರೆ ಸಾಕು

ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವ ಕೆಲಸ ನಿಮ್ಮದು, ಚಿತ್ರ ಬರೆಯಲು ಬರುವುದಿಲ್ಲ, ಇದುವರೆಗೆ ಸೂಜಿ ಹಿಡಿದದ್ದು ಕಿತ್ತುಹೋದ ಗುಂಡಿ ಹೊಲಿಯಲು ಮಾತ್ರ. ಹೀಗಿರುವಾಗ ಕ್ರಾಸ್ ಸ್ಟಿಚ್ ಅಥವಾ ಕಸೂತಿ ಕೈಗೆ ಹತ್ತುತ್ತದೆಯೇ, ಅರ್ಧಕ್ಕೇ ಬೇಸರ ಬಂದು ಬಿಡುವಂತಾಗುವುದಿಲ್ಲವೇ ಎಂದು ಕೇಳಿದ್ದೀರಿ. ಕೈಗೆ ಖಂಡಿತ ಹತ್ತುತ್ತದೆ. ಬೇಸರ ಬರುವುದೂ ಬಾರದಿರುವುದೂ ಬಹುಮಟ್ಟಿಗೆ ನೀವು ಮೊದಲು ಆರಿಸಿಕೊಳ್ಳುವ ನಮೂನೆಯ ಗಾತ್ರವನ್ನು ಅವಲಂಬಿಸಿದೆ.

ಕ್ರಾಸ್ ಸ್ಟಿಚ್ ಎಂದರೆ ಎರಡು ಓರೆ ಗೆರೆಗಳು ಒಂದನ್ನೊಂದು ದಾಟುವ, ಗುಣಾಕಾರದ ಚಿಹ್ನೆಯಂಥ ಹೊಲಿಗೆ; ಕಸೂತಿ ನಮ್ಮ ಧಾರವಾಡ ಸೀಮೆಯ ಸಾಂಪ್ರದಾಯಿಕ ಹೊಲಿಗೆ. ಇವೆರಡೂ ಎಣಿಕೆಯ ಹೊಲಿಗೆಗಳು. ಬೇರೆ ಬಗೆಯ ಹೂ ಹೊಲಿಗೆಗಳಲ್ಲಿ ಬಟ್ಟೆಯ ಮೇಲೆ ಪೆನ್ಸಿಲಿನಿಂದ ಚಿತ್ರ ಮೂಡಿಸಿಕೊಂಡು ಅದರ ಮೇಲೆ ದಾರ ಓಡಿಸುತ್ತಾರೆ; ಇಲ್ಲಿ ಬಟ್ಟೆಯ ನೇಯ್ಗೆಯೇ ನಿಮ್ಮ ಗ್ರಾಫ್ ಕಾಗದ. ಇಂತಿಷ್ಟು ಮನೆ ಬಲಕ್ಕೆ, ಇಂತಿಷ್ಟು ಮನೆ ಕೆಳಕ್ಕೆ ಎಂದು ಎಣಿಸಿಕೊಂಡು ಹೋದರೆ ಗಿಳಿ ಗಿಳಿಯಾಗಿಯೇ ಮೂಡುತ್ತದೆ. ಚುಕ್ಕಿ ಇಟ್ಟು ರಂಗೋಲಿ ಹಾಕಲು ಬರುವವರಿಗೆ ಇದರ ಅರ್ಧ ವಿದ್ಯೆ ಬಂದಂತೆಯೇ. ನಾನು ಲೆಕ್ಕಪತ್ರದ ಕೆಲಸದಲ್ಲಿರುವವಳು, ದಿನವೆಲ್ಲ ಎಣಿಸುವುದೇ ನನ್ನ ಕಸುಬು. ಆದರೂ ರಾತ್ರಿ ಊಟವಾದ ಮೇಲೆ ಬಟ್ಟೆಯ ಎಳೆ ಎಣಿಸಲು ಕುಳಿತಾಗ ಸಿಗುವ ನೆಮ್ಮದಿ ಬೇರೆಲ್ಲೂ ಸಿಕ್ಕಿಲ್ಲ. ಒಂದು, ಎರಡು, ಮೂರು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿರುವಾಗ ನಾಳೆಯ ಚಿಂತೆಗೆ ಒಳಗೆ ಬರಲು ಜಾಗವಿರುವುದಿಲ್ಲ.

ನಮ್ಮ ಮನೆಯ ಮುಂಬಾಗಿಲಿಗೆ ಅಮ್ಮ ಮದುವೆಗೆ ಮುಂಚೆ ಹಾಕಿದ ಮ್ಯಾಟಿ ಬಟ್ಟೆಯ (ಮನೆಗಳು ಎದ್ದು ಕಾಣುವಂತೆ ನೇಯ್ದ ಹತ್ತಿ ಬಟ್ಟೆ) ತೋರಣ ಬಹಳ ವರ್ಷ ಇತ್ತು. ನಡುವೆ 'ಸುಸ್ವಾಗತ', ಎರಡು ಬದಿಗೆ ಎರಡು ಗಿಳಿ, ಕೆಳಗೆ ಗೊಂಡೆ. ನೀವೂ ಆ ಮ್ಯಾಟಿ ಬಟ್ಟೆಯಿಂದಲೇ ಆರಂಭಿಸಬಹುದು. ಅದು ಸುಲಭವಾಗಿ ಸಿಗುತ್ತದೆ, ಬೆಲೆಯೂ ಹೆಚ್ಚಲ್ಲ. ಸ್ವಲ್ಪ ಹೆಚ್ಚು ಖರ್ಚು ಮಾಡುವುದಾದರೆ ಕ್ರಾಸ್ ಸ್ಟಿಚ್‌ಗೆಂದೇ ಚೌಕಚೌಕವಾಗಿ ನೇಯ್ದ, 14 ಕೌಂಟಿನ ಐಡಾ ಬಟ್ಟೆ ಕೊಳ್ಳಿ. ಒಂದು ಅಂಗುಲಕ್ಕೆ 14 ಮನೆ ಎಂಬುದು ಅದರ ಅರ್ಥ. ಆದ್ದರಿಂದ 70 ಮನೆ ಅಗಲದ ನಮೂನೆ ಸರಿಯಾಗಿ 5 ಅಂಗುಲ ಬರುತ್ತದೆ, ಸುತ್ತಲೂ ಎರಡೆರಡು ಅಂಗುಲ ಬಿಟ್ಟುಕೊಂಡೇ ಕತ್ತರಿಸಬೇಕು. ದಾರಕ್ಕೆ ಆಂಕರ್ ಕಂಪನಿಯ ಕಸೂತಿ ದಾರ ಸಾಕು. ಒಂದು ದಾರದಲ್ಲಿ ಆರು ಎಳೆಗಳಿರುತ್ತವೆ, 14 ಕೌಂಟಿಗೆ ಎರಡು ಎಳೆ ಬಿಡಿಸಿಕೊಂಡು ಬಳಸುತ್ತೇವೆ. ಸೂಜಿಯ ತುದಿ ಮೊಂಡಾಗಿರಲಿ, 24ನೇ ನಂಬರಿನದು ಸರಿಹೋಗುತ್ತದೆ. ಚೂಪು ಸೂಜಿ ಎಳೆಗಳ ನಡುವೆ ನುಗ್ಗುವ ಬದಲು ಎಳೆಯನ್ನೇ ಸೀಳಿಬಿಡುತ್ತದೆ. ದಾರ ಮೊಣಕೈಯಿಂದ ಬೆರಳ ತುದಿಯವರೆಗಿನಷ್ಟು ಉದ್ದವಿದ್ದರೆ ಸಾಕು, ಅದಕ್ಕಿಂತ ಉದ್ದವಾದರೆ ಸಿಕ್ಕುಬೀಳುತ್ತದೆ.

ನಿಯಮವೆಂದು ನಾನು ಪಟ್ಟು ಹಿಡಿದು ಹೇಳುವುದು ಒಂದನ್ನೇ: ಪ್ರತಿ ಕ್ರಾಸಿನಲ್ಲೂ ಮೇಲೆ ಬರುವ ಗೆರೆ ಒಂದೇ ದಿಕ್ಕಿಗೆ ಓರೆಯಾಗಿರಬೇಕು. ಒಂದು ಹೊಲಿಗೆ ಈ ಕಡೆ, ಇನ್ನೊಂದು ಆ ಕಡೆ ವಾಲಿದರೆ ಬೆಳಕು ಬಿದ್ದಾಗ ಬಣ್ಣವೇ ಮಚ್ಚೆಮಚ್ಚೆಯಾಗಿ ಕಾಣುತ್ತದೆ.

ಇನ್ನು ಬೇಸರದ ಮಾತು. ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ಇಡೀ ಬಟ್ಟೆಯನ್ನು ತುಂಬಿಸಬೇಕಾದ ದೇವರ ಪಟವನ್ನೋ ಪ್ರಕೃತಿ ದೃಶ್ಯವನ್ನೋ ಮೊದಲಿಗೇ ಕೈಗೆತ್ತಿಕೊಳ್ಳುವುದು. ಉದ್ದಕ್ಕೆ 200, ಅಗಲಕ್ಕೆ 200 ಮನೆಯೆಂದರೆ 40,000 ಕ್ರಾಸುಗಳು. ಇಷ್ಟು ವರ್ಷದ ಅಭ್ಯಾಸದ ನಂತರವೂ ಗಂಟೆಗೆ ನನ್ನಿಂದ ಆಗುವುದು ನೂರು, ಹೆಚ್ಚೆಂದರೆ ನೂರಿಪ್ಪತ್ತು. ಲೆಕ್ಕ ಹಾಕಿ ನೋಡಿದರೆ ಅಂಥ ಪಟಗಳು ಏಕೆ ಬೀರುವಿನ ತಳ ಸೇರುತ್ತವೆ ಎಂಬುದು ತಿಳಿಯುತ್ತದೆ. ಹಿನ್ನೆಲೆಯನ್ನು ಖಾಲಿ ಬಿಡುವ, ಎರಡು ಮೂರು ಬಣ್ಣಗಳ, ಒಂದು ಅಂಗೈ ಅಗಲದ ನಮೂನೆಯನ್ನು ಆರಿಸಿಕೊಳ್ಳಿ. ವಾರದೊಳಗೆ ಮುಗಿದ ಒಂದು ಪುಟ್ಟ ನವಿಲು ನಿಮ್ಮನ್ನು ಎರಡನೆಯದಕ್ಕೆ ತಾನಾಗಿಯೇ ಕರೆದೊಯ್ಯುತ್ತದೆ.

ಕ್ರಾಸ್ ಸ್ಟಿಚ್‌ನಲ್ಲಿ ಕೈ ಪಳಗಿದ ಮೇಲೆ ದಯವಿಟ್ಟು ಅಲ್ಲಿಗೇ ನಿಲ್ಲಬೇಡಿ, ನಮ್ಮ ಧಾರವಾಡ ಸೀಮೆಯ ಕಸೂತಿಗೆ ಬನ್ನಿ. ನೀವು ಕಲಿತ ಕ್ರಾಸೇ ಅಲ್ಲಿ 'ಮೆಂತೆ' ಎಂಬ ಹೆಸರಿನಲ್ಲಿ ಕಾದಿರುತ್ತದೆ. ಗವಂತಿ, ಮೆಟ್ಟಿಲು ಮೆಟ್ಟಿಲಾಗಿ ಸಾಗುವ ಮುರಗಿ, ನೇಯ್ದಂತೆ ಕಾಣುವ ನೇಗಿ ಎಂಬವು ಕಸೂತಿಯ ಉಳಿದ ಮೂರು ಹೊಲಿಗೆಗಳು. ಇಳಕಲ್ ಸೀರೆಯ ಮೇಲೆ ಸೆರಗಿನ ಹತ್ತಿರ ಗೋಪುರ, ತೇರು, ಅಂಬಾರಿ ಆನೆಯಂಥ ದೊಡ್ಡ ಆಕೃತಿಗಳು ದಟ್ಟವಾಗಿದ್ದು, ಸೆರಗಿನಿಂದ ದೂರ ಸರಿದಂತೆ ಅವು ಚಿಕ್ಕದಾಗುತ್ತ ವಿರಳವಾಗುವುದನ್ನು ನೋಡಿರುತ್ತೀರಿ.

ಇವುಗಳಲ್ಲಿ ನನಗೆ ಪ್ರಾಣವಾದದ್ದು ಗವಂತಿ. ಸೂಜಿ ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ ಎಂದು ಗೋಪುರದ ಅಂಚು ಹಿಡಿದು ಹೊರಡುತ್ತದೆ; ದಾರಿಯಲ್ಲಿ ಸಿಗುವ ಕವಲುಗಳಿಗೆಲ್ಲ ಹೋಗಿ ಬಂದು, ಕಳಶ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ಹಿಂದಿರುಗುತ್ತ, ಹೋಗುವಾಗ ಬಿಟ್ಟ ಖಾಲಿಗಳನ್ನೆಲ್ಲ ತುಂಬುತ್ತದೆ. ಪ್ರತಿಯೊಂದು ಗೆರೆಯ ಮೇಲೂ ಎರಡು ಸಲ ಓಡಾಟ: ಒಮ್ಮೆ ದಾರ ಮುಂಬದಿಗೆ ಬೀಳುತ್ತದೆ, ಇನ್ನೊಮ್ಮೆ ಹಿಂಬದಿಗೆ. ಜಮಾ ಖರ್ಚು ತಾಳೆಯಾದಂತೆ, ಮುಗಿದಾಗ ಬಟ್ಟೆಯ ಎರಡು ಮುಖವೂ ಒಂದೇ ರೀತಿ ಇರುತ್ತದೆ. ಗಂಟು ಹಾಕುವಂತಿಲ್ಲ, ದಾರದ ತುದಿಯನ್ನು ಹೊಲಿಗೆಯೊಳಗೇ ಸೇರಿಸಿ ಮರೆಸಬೇಕು. ಇದೇ ಹೊಲಿಗೆಗೆ ಯುರೋಪಿನಲ್ಲಿ ಹೋಲ್ಬೈನ್ ಹೊಲಿಗೆ ಎನ್ನುತ್ತಾರೆ. 16ನೇ ಶತಮಾನದ ಚಿತ್ರಕಾರ ಹ್ಯಾನ್ಸ್ ಹೋಲ್ಬೈನ್ ಬರೆದ ಭಾವಚಿತ್ರಗಳಲ್ಲಿ ಕೊರಳಪಟ್ಟಿ ಮತ್ತು ತೋಳಿನ ಅಂಚುಗಳ ಮೇಲೆ ಅದು ಎದ್ದು ಕಾಣುವುದರಿಂದ ಆ ಹೆಸರು.

ನನ್ನ ಮೊದಲ ಗೋಪುರವನ್ನು ದೊಡ್ಡಮ್ಮನಿಗೆ ತೋರಿಸಿದಾಗ ಅವರು ಮುಂಬದಿಯನ್ನು ನೋಡಲೇ ಇಲ್ಲ. ಬಟ್ಟೆಯನ್ನು ಮಗುಚಿ, ಹೆಬ್ಬೆರಳಿನಿಂದ ಹಿಂಬದಿಯನ್ನು ಮೆಲ್ಲಗೆ ಸವರಿ, ಒಂದು ಕಡೆ ನಿಲ್ಲಿಸಿ, 'ಇಲ್ಲಿ ಒಂದು ಎಳೆ ಜಾಸ್ತಿ ತಗೊಂಡೀ' ಎಂದರು. ಮೂರನೆಯ ಅಂತಸ್ತಿನಲ್ಲಿ ನಾಲ್ಕರ ಬದಲು ಐದು ಎಳೆ ಎಣಿಸಿದ್ದೆ. ಅದಕ್ಕೇ ಕಳಶ ನಡುವಿಗೆ ಬಂದಿರಲಿಲ್ಲ. ಎರಡು ಸಂಜೆಯ ಕೆಲಸವನ್ನು ಬಿಚ್ಚಿದೆ. ಆಗ ಕಣ್ಣಲ್ಲಿ ನೀರು ಬಂದಿದ್ದು ನಿಜ, ಆದರೆ ಬಿಚ್ಚುವಾಗಲೇ ಆ ನಮೂನೆಯ ದಾರಿ ನನಗೆ ಬಾಯಿಪಾಠವಾಯಿತು. ಅಂದಿನಿಂದ ಪ್ರತಿ ಹತ್ತು ಹೊಲಿಗೆಗೊಮ್ಮೆ ಬಟ್ಟೆ ಮಗುಚಿ ನೋಡುತ್ತೇನೆ. ನೀವೂ ಈ ರೂಢಿಯನ್ನು ಮೊದಲ ದಿನದಿಂದಲೇ ಮಾಡಿಕೊಳ್ಳಿ.

ತೀರ ನುಣುಪಾದ ರೇಷ್ಮೆಯಲ್ಲಿ ಎಳೆ ಎಣಿಸಲು ಆಗುವುದಿಲ್ಲ. ಅದರ ಮೇಲೆ ಜಾಳುಜಾಳಾದ ಕ್ಯಾನ್ವಾಸ್ ತುಂಡೊಂದನ್ನು ಟಾಕಿಸಿಕೊಂಡು, ಅದರ ಮನೆಗಳನ್ನು ಎಣಿಸಿ ಹೊಲಿದು, ಕೊನೆಗೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಅದು ಮುಂದಿನ ಮಾತು. ಮೊದಲ ಕಸೂತಿಗೆ ಎಳೆ ಸ್ಪಷ್ಟವಾಗಿ ಕಾಣುವ ಕೈಮಗ್ಗದ ಹತ್ತಿ ಬಟ್ಟೆಯೇ ಒಳ್ಳೆಯದು.

ಇದರಿಂದ ಕಣ್ಣಿಗೆ ಆಯಾಸವಾಗುವುದಿಲ್ಲವೇ ಎಂದೂ ಕೇಳಿದ್ದೀರಿ. ಪರದೆ ನೋಡಿ ದಣಿದ ಕಣ್ಣಿಗೆ ಇದು ಮತ್ತಷ್ಟು ಕೆಲಸವೇ ಆದ್ದರಿಂದ ಒಂದೇ ಪಟ್ಟಿಗೆ ಅರ್ಧ ಗಂಟೆಗಿಂತ ಹೆಚ್ಚು ಕೂರಬೇಡಿ. ರಜೆಯ ದಿನ ಬೆಳಗಿನ ಬೆಳಕಿನಲ್ಲಿ ಕಿಟಕಿಯ ಪಕ್ಕ ಕುಳಿತರೆ ಅದಕ್ಕಿಂತ ಹಿತ ಬೇರಿಲ್ಲ. ಮುಂದೊಂದು ದಿನ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಕಸೂತಿ ಹಾಕುವ ಆಸೆಯಾದರೆ, ಮಡಿಲಲ್ಲಿ ಬಿಳಿ ಪಂಚೆಯೊಂದನ್ನು ಹಾಸಿಕೊಂಡು ಅದರ ಮೇಲೆ ಸೀರೆಯನ್ನು ಹರಡಿ. ಎಳೆಗಳ ನಡುವಿನ ಸಂದುಗಳಲ್ಲಿ ಬಿಳುಪು ಇಣುಕಿ, ಸೂಜಿ ಎಲ್ಲಿ ಇಳಿಯಬೇಕೆಂಬುದು ಕಾಣುತ್ತದೆ.