ಚಿತ್ರದುರ್ಗದ ಕೋಟೆಯಲ್ಲಿ ತೆಗೆದ ರಾ ಫೋಟೋ ಕಂಪ್ಯೂಟರಿನಲ್ಲಿ ಸಪ್ಪೆ ಕಾಣುತ್ತಿದೆ. ಸಂಜೆಯ ಬಣ್ಣ ತರುವುದು ಹೇಗೆ?

ನಿಮ್ಮ ಪ್ರಶ್ನೆಯಲ್ಲಿ ಎರಡು ದೂರು ಇವೆ. ಸಂಜೆ ಹೊತ್ತು ಕೋಟೆಯಲ್ಲಿ ರಾ ಫಾರ್ಮ್ಯಾಟಿನಲ್ಲಿ (ಕ್ಯಾಮೆರಾ ಅಳೆದ ಬೆಳಕು ಹಾಗೇ ಉಳಿಯುವ ಫೈಲ್) ತೆಗೆದ ಫೋಟೋ ಕ್ಯಾಮೆರಾ ಪರದೆಯಲ್ಲಿ ಚೆನ್ನಾಗಿತ್ತು, ಕಂಪ್ಯೂಟರಿಗೆ ಹಾಕಿದ ಮೇಲೆ ಬಣ್ಣವೇ ಇಲ್ಲ ಅನ್ನುವುದು ಒಂದು. ಯಾವುದೋ ‘ಗೋಲ್ಡನ್ ಅವರ್’ ಪ್ರಿಸೆಟ್, ಅಂದರೆ ಒಂದೇ ಒತ್ತಿಗೆ ಬಣ್ಣ ಬದಲಿಸುವ ಸಿದ್ಧ ಸೆಟ್ಟಿಂಗ್, ಹಾಕಿದರೆ ಬಂಡೆ, ಆಕಾಶ, ಜೊತೆಗಿದ್ದ ಗೆಳೆಯನ ಮುಖ ಎಲ್ಲವೂ ಕಿತ್ತಳೆ ಆಗುತ್ತಿದೆ ಅನ್ನುವುದು ಇನ್ನೊಂದು. ದಾವಣಗೆರೆಯಲ್ಲಿ ನನ್ನದೊಂದು ಸ್ಟುಡಿಯೋ ಇದೆ. ಮದುವೆ ಆಲ್ಬಂ ಹೊಟ್ಟೆಪಾಡಿಗೆ, ದುರ್ಗದ ಕೋಟೆ ನನ್ನ ಖುಷಿಗೆ. ಹತ್ತಿರಹತ್ತಿರ 60 ಕಿಲೋಮೀಟರ್, ಬಿಡುವು ಸಿಕ್ಕರೆ ಅಲ್ಲಿಗೇ ಓಡುತ್ತೇನೆ. ಹಾಗಾಗಿ ಆ ಬಂಡೆಗಳನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಸಪ್ಪೆಯ ವಿಷಯ. ನಿಮ್ಮ ಫೈಲ್ ಕೆಟ್ಟಿಲ್ಲ. ಕ್ಯಾಮೆರಾ ಪರದೆಯಲ್ಲಿ ನೀವು ನೋಡಿದ್ದು ರಾ ಫೈಲನ್ನಲ್ಲ, ಅದರೊಳಗೆ ಕ್ಯಾಮೆರಾ ಸೇರಿಸಿಟ್ಟಿರುವ ಜೆಪೆಗ್ ಚಿತ್ರವನ್ನು. ಅದಕ್ಕೆ ಕಾಂಟ್ರಾಸ್ಟ್, ಶಾರ್ಪ್‌ನೆಸ್, ಬಣ್ಣ ಎಲ್ಲವನ್ನೂ ಕ್ಯಾಮೆರಾನೇ ಹಾಕಿರುತ್ತದೆ. ಫೋಟೋ ಎಡಿಟ್ ಮಾಡುವ ಲೈಟ್‌ರೂಮಿನಲ್ಲಿ ಫೈಲ್ ತೆರೆದಾಗ ಒಂದು ಕ್ಷಣ ಚೆನ್ನಾಗಿ ಕಂಡು, ಆಮೇಲೆ ಕಣ್ಣೆದುರಿಗೇ ಬಣ್ಣ ಇಳಿದುಹೋಗುತ್ತದಲ್ಲ, ಗಮನಿಸಿದ್ದೀರಾ? ಮೊದಲು ಕಂಡಿದ್ದು ಆ ಜೆಪೆಗ್. ಆಮೇಲೆ ಸಾಫ್ಟ್‌ವೇರ್ ರಾ ಫೈಲನ್ನು ತನ್ನ ಲೆಕ್ಕದಲ್ಲಿ ಬಿಡಿಸಿ ತೋರಿಸಿತು, ಅಷ್ಟೇ.

ರಾ ಫೈಲಿನಲ್ಲಿ ಇರುವುದು ಬರೀ ಅಳತೆ. ಸೆನ್ಸರಿನ ಒಂದೊಂದು ಚುಕ್ಕಿಯೂ ಒಂದೇ ಬಣ್ಣದ ಬೆಳಕನ್ನು ಅಳೆಯುತ್ತದೆ: ಅರ್ಧದಷ್ಟು ಚುಕ್ಕಿ ಹಸಿರಿಗೆ, ಕಾಲು ಭಾಗ ಕೆಂಪಿಗೆ, ಕಾಲು ಭಾಗ ನೀಲಿಗೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟ್ ಸಿಕ್ಕ ಜೋಡಣೆ ಇದು, ಇವತ್ತಿಗೂ ಹೆಚ್ಚಿನ ಕ್ಯಾಮೆರಾಗಳಲ್ಲಿ ಇದೇ ನಡೆಯುತ್ತಿದೆ. ಉಳಿದ ಎರಡು ಬಣ್ಣವನ್ನು ಅಕ್ಕಪಕ್ಕದ ಚುಕ್ಕಿಗಳನ್ನು ನೋಡಿ ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ ಕತ್ತಲಿನಿಂದ ಬೆಳಕಿನವರೆಗೆ 256 ಹಂತ. 14 ಬಿಟ್ ರಾ ಫೈಲಿನಲ್ಲಿ 16,384. ಎಡಿಟಿಂಗ್‌ಗೆ ರಾ ಬೇಕು ಅನ್ನುವುದು ಇದಕ್ಕೇ. ಆದರೆ ಈ ಹಂತಗಳು ಸಮನಾಗಿ ಹಂಚಿಕೆಯಾಗಿಲ್ಲ. ಅರ್ಧ, ಅಂದರೆ 8,192 ಹಂತ, ತುಂಬಾ ಬೆಳಕಿರುವ ಮೇಲಿನ ಒಂದೇ ಸ್ಟಾಪಿಗೆ ಹೋಗುತ್ತದೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ ಆಗುತ್ತದೆ). ಅದರ ಕೆಳಗಿನ ಸ್ಟಾಪಿಗೆ ಉಳಿದಿದ್ದರಲ್ಲಿ ಅರ್ಧ. ಹೀಗೇ ಇಳಿಯುತ್ತಾ ಹೋಗುತ್ತದೆ. ನೆರಳಿನಲ್ಲಿ ಬೆಳಕೂ ಕಡಿಮೆ, ಹಂತವೂ ಕಡಿಮೆ. ಅದಕ್ಕೇ ನೆರಳನ್ನು ಜಾಸ್ತಿ ಎತ್ತಿದರೆ ಗ್ರೇನ್ ಎದ್ದು ಬರುತ್ತದೆ.

ಈಗ ಕೆಲಸಕ್ಕೆ ಬರೋಣ. ಆ ಪ್ರಿಸೆಟ್ ತೆಗೆದುಬಿಡಿ. ಲೈಟ್‌ರೂಮ್ ಆದರೆ ಮೊದಲು ಪ್ರೊಫೈಲ್, ಅಂದರೆ ರಾ ಫೈಲಿನ ಬಣ್ಣ ಬಿಡಿಸುವ ಲೆಕ್ಕ, ಬದಲಿಸಿ. ಸಾಮಾನ್ಯವಾಗಿ ‘ಅಡೋಬಿ ಕಲರ್’ ಇರುತ್ತದೆ. ಅದರ ಬದಲು ‘ಕ್ಯಾಮೆರಾ ಮ್ಯಾಚಿಂಗ್’ ಗುಂಪಿನಲ್ಲಿ ನಿಮ್ಮ ಕ್ಯಾಮೆರಾದ ಸ್ಟ್ಯಾಂಡರ್ಡ್ ಅಥವಾ ಲ್ಯಾಂಡ್‌ಸ್ಕೇಪ್ ಹಾಕಿ ನೋಡಿ. ಪರದೆಯಲ್ಲಿ ಕಂಡಿದ್ದರಲ್ಲಿ ಮುಕ್ಕಾಲು ಪಾಲು ಅಲ್ಲೇ ವಾಪಸ್ ಬರುತ್ತದೆ. ದುಡ್ಡು ಕೊಡದೆ ಸಿಗುವ ಡಾರ್ಕ್‌ಟೇಬಲ್ ಬಳಸುತ್ತಿದ್ದರೆ ಎಕ್ಸ್‌ಪೋಷರ್ ಮಾಡ್ಯೂಲಿನಲ್ಲಿ ಬಂಡೆಯ ಬೆಳಕನ್ನು ಸರಿ ಮಾಡಿ. ಆಗ ಆಕಾಶ ಬೆಳ್ಳಗಾದರೆ ಗಾಬರಿ ಬೇಡ, ಅದನ್ನು ಸಿಗ್ಮಾಯ್ಡ್ ಅಥವಾ ಫಿಲ್ಮಿಕ್ ಮಾಡ್ಯೂಲ್ ಹಿಡಿತಕ್ಕೆ ತರುತ್ತದೆ. ಬಣ್ಣದ ಗಾಢತೆ ಏರಿಸುವ ಸ್ಯಾಚುರೇಷನ್ ಕಡೆ ಇನ್ನೂ ಕೈ ಹಾಕಬೇಡಿ. ಬೆಳಕು ಸರಿಹೋದರೆ ಅರ್ಧ ಬಣ್ಣ ತಾನಾಗಿಯೇ ಬರುತ್ತದೆ.

ಇನ್ನು ಕಿತ್ತಳೆಯ ವಿಷಯ. ನಿಮ್ಮ ಪ್ರಶ್ನೆಯ ತಿರುಳು ಇದೇ ಅಂತ ನನಗೆ ಅನ್ನಿಸುತ್ತದೆ. ಸಂಜೆಯ ಬೆಳಕಿಗೆ ಒಂದು ಬಣ್ಣ ಇರುವುದಿಲ್ಲ, ಎರಡು ಇರುತ್ತವೆ. ಸೂರ್ಯ ನೇರವಾಗಿ ಬೀಳುವ ಕಡೆ ಹಳದಿ-ಕೆಂಪು. ನೆರಳಿಗೆ ಬೆಳಕು ಕೊಡುವುದು ಮಾತ್ರ ತಲೆಯ ಮೇಲಿನ ಆಕಾಶ, ಅದು ನೀಲಿ. ಕೋಟೆಯೊಳಗಿನ ಗೋಪಾಲಸ್ವಾಮಿ ಹೊಂಡದ ಹತ್ತಿರ ಸಂಜೆ ಹೊತ್ತು ಯಾವುದಾದರೂ ಒಂದು ದೊಡ್ಡ ಬಂಡೆಯನ್ನು ಸುತ್ತು ಹಾಕಿ ನೋಡಿ. ಬಿಸಿಲಿನ ಮೈ ಜೇನಿನ ಬಣ್ಣ, ಹಿಂದಿನ ಮೈ ತಣ್ಣಗಿನ ಬೂದು-ನೀಲಿ. ಎರಡೂ ಸೇರುವ ಅಂಚಿನಲ್ಲಿ ಗ್ರಾನೈಟಿನ ಹರಳೆಲ್ಲ ಒಂದೊಂದಾಗಿ ಎದ್ದು ಕಾಣುತ್ತದೆ. ಬಿಸಿಲು ಬಂಗಾರದಂತೆ ಕಾಣುವುದೇ ಪಕ್ಕದಲ್ಲಿ ಆ ನೀಲಿ ಇರುವುದರಿಂದ. ಪ್ರಿಸೆಟ್ ಎರಡಕ್ಕೂ ಒಂದೇ ಬಣ್ಣ ಬಳಿಯುತ್ತದೆ. ನೀಲಿ ಹೋಯಿತು ಅಂದರೆ ಬಂಗಾರವೂ ಹೋಯಿತು. ಎಷ್ಟು ಕಿತ್ತಳೆ ಸುರಿದರೂ ಸಂಜೆ ಬರುವುದಿಲ್ಲ.

ಹಾಗಾಗಿ ವೈಟ್ ಬ್ಯಾಲೆನ್ಸನ್ನು, ಅಂದರೆ ಯಾವ ಬೆಳಕನ್ನು ಬಿಳಿ ಅಂತ ಲೆಕ್ಕ ಹಿಡಿಯಬೇಕು ಅನ್ನುವ ಸೆಟ್ಟಿಂಗನ್ನು, ಆಟೋದಿಂದ ತೆಗೆಯಿರಿ. ಸಂಜೆಯ ಕೆಂಪನ್ನು ತಪ್ಪು ಅಂದುಕೊಂಡು ಅಳಿಸಲು ನೋಡುವುದು ಆಟೋದ ಸ್ವಭಾವ. ‘ಇದು ಬೂದು’ ಅಂತ ಸಾಫ್ಟ್‌ವೇರಿಗೆ ಒತ್ತಿ ತೋರಿಸುವ ಐಡ್ರಾಪರ್ ತಗೊಂಡು ‘ಬಂಡೆ ಬೂದು ತಾನೆ’ ಅಂತ ಬಿಸಿಲಿನಲ್ಲಿರುವ ಬಂಡೆಯ ಮೇಲೆ ಒತ್ತಬೇಡಿ. ಸಾಫ್ಟ್‌ವೇರ್ ನಿಮ್ಮ ಮಾತು ನಂಬಿ ಬಿಸಿಲನ್ನು ಬಿಳಿ ಮಾಡುತ್ತದೆ, ನೆರಳು ಶಾಯಿ ಚೆಲ್ಲಿದ ಹಾಗೆ ನೀಲಿಯಾಗುತ್ತದೆ. ಕೈಯಾರೆ 5200ರಿಂದ 5500 ಕೆಲ್ವಿನ್ (ಬೆಳಕಿನ ಬಣ್ಣ ಅಳೆಯುವ ಮಾನ) ಒಳಗೆ ಇಡಿ. ಹಗಲು ಬೆಳಕಿನ ಫಿಲ್ಮ್ ರೋಲ್‌ಗಳನ್ನು 5500ಕ್ಕೆ ಹೊಂದಿಸಿ ಮಾಡುತ್ತಿದ್ದರು, ಸಂಜೆಯ ಬಿಸಿಲು ಅದರಲ್ಲಿ ತಾನಾಗಿಯೇ ಬೆಚ್ಚಗೆ ಬರುತ್ತಿತ್ತು. ಇಲ್ಲಿಯೂ ಅದೇ ಆಗುತ್ತದೆ. ಆಮೇಲೆ ಬೇಕಾದರೆ ಇನ್ನೂರು ಮುನ್ನೂರು ಅತ್ತಿತ್ತ ಮಾಡಿ. ಸಾಫ್ಟ್‌ವೇರಿನಲ್ಲಿ ಈ ಅಂಕಿ ಏರಿದಷ್ಟೂ ಚಿತ್ರ ಹಳದಿಗೆ ತಿರುಗುತ್ತದೆ.

ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯಲು ನಾನು ನೋಡುವುದು ಬಂಡೆಗಳ ಮೇಲೆ ಮಳೆ ನೀರು ಹರಿದು ಆದ ಕಪ್ಪು ಗೆರೆಗಳನ್ನು. ನೆರಳಿನ ಕಡೆ ಇರುವ ಒಂದು ಗೆರೆಯನ್ನು ದೊಡ್ಡದು ಮಾಡಿ ನೋಡಿ. ಅದು ಕಪ್ಪಾಗಿಯೇ, ಸ್ವಲ್ಪ ನೀಲಿ ಕಡೆಗೆ ಇರಬೇಕು. ಕಂದು ಬಣ್ಣಕ್ಕೆ ತಿರುಗಿದೆ ಅಂದರೆ ಜಾಸ್ತಿ ಆಯಿತು, ಹಿಂದಕ್ಕೆ ಬನ್ನಿ.

ಇಷ್ಟಾದ ಮೇಲೂ ಬಿಸಿಲಿಗೆ ಇನ್ನೊಂದಿಷ್ಟು ಬೆಚ್ಚಗಿನ ಬಣ್ಣ ಬೇಕು ಅನ್ನಿಸಿದರೆ ಅದನ್ನು ಬಿಸಿಲಿಗೆ ಮಾತ್ರ ಕೊಡಿ. ಲೈಟ್‌ರೂಮಿನ ಕಲರ್ ಗ್ರೇಡಿಂಗ್‌ನಲ್ಲಿ ಹೈಲೈಟ್ಸ್ (ಬೆಳಕಿರುವ ಭಾಗ) ಚಕ್ರವನ್ನು ಹಳದಿ-ಕಿತ್ತಳೆ ಕಡೆ ಚೂರೇ ಚೂರು ಎಳೆಯಿರಿ, ಶ್ಯಾಡೋಸ್ (ನೆರಳಿನ ಭಾಗ) ಚಕ್ರವನ್ನು ಮುಟ್ಟದೆ ಬಿಡಿ. ಡಾರ್ಕ್‌ಟೇಬಲ್‌ನಲ್ಲಿ ಇದೇ ಕೆಲಸಕ್ಕೆ ಕಲರ್ ಬ್ಯಾಲೆನ್ಸ್ ಆರ್‌ಜಿಬಿ ಇದೆ. ಗೆಳೆಯನ ಮುಖಕ್ಕೆ ಬೇರೆಯೇ ಮಾಸ್ಕ್ ಹಾಕಿ, ಅಂದರೆ ಬದಲಾವಣೆ ಅಷ್ಟು ಜಾಗಕ್ಕೆ ಮಾತ್ರ ತಾಗುವಂತೆ ಗುರುತು ಮಾಡಿ. ನಮ್ಮವರ ಮೈಬಣ್ಣ ಕೂರುವುದು ಕಿತ್ತಳೆಯ ಚಾನೆಲ್‌ನಲ್ಲೇ. ಬಂಡೆಗೆ ಅಂತ ಕಿತ್ತಳೆ ಏರಿಸಿದರೆ ಅರಿಶಿನ ಶಾಸ್ತ್ರ ಮುಗಿಸಿ ಬಂದ ಮದುಮಗನ ಹಾಗೆ ಕಾಣುತ್ತಾನೆ. ಮಾಸ್ಕ್ ಒಳಗೆ ಕಿತ್ತಳೆಯ ಸ್ಯಾಚುರೇಷನ್ ಸ್ವಲ್ಪ ಇಳಿಸಿ, ಬೆಳಕು ಸ್ವಲ್ಪ ಏರಿಸಿ. ಮುಖ ಬಿಳಿ ಮಾಡಲು ಹೋಗಬೇಡಿ ದಯವಿಟ್ಟು. ಕಪ್ಪಗಿರುವವರನ್ನು ಕಪ್ಪಗೇ ಚೆಂದ ಕಾಣಿಸುವುದು ನಮ್ಮ ಕೆಲಸ.

ಸೂರ್ಯ ಚೌಕಟ್ಟಿನೊಳಗೆ ಇದ್ದರೆ ಒಂದು ಎಚ್ಚರಿಕೆ. ಸೆನ್ಸರಿನಲ್ಲಿ ಸಾಮಾನ್ಯವಾಗಿ ಹಸಿರು ಮೊದಲು ತುಂಬಿಹೋಗುತ್ತದೆ. ಹಸಿರು ತುಂಬಿ, ಕೆಂಪು ನೀಲಿ ಇನ್ನೂ ತುಂಬದಿರುವ ಜಾಗದಲ್ಲಿ ಹೈಲೈಟ್ಸ್ ಕೆಳಗೆ ಎಳೆದರೆ ಸೂರ್ಯನ ಸುತ್ತ ಗುಲಾಬಿ ಬಳೆ ಬರಬಹುದು. ಮೂರೂ ತುಂಬಿಹೋಗಿದ್ದರೆ ಅಲ್ಲಿ ಏನೂ ಉಳಿದಿಲ್ಲ, ಎಳೆದಷ್ಟೂ ಬೂದು ತೇಪೆ ಆಗುತ್ತದೆ. ಅಷ್ಟು ಜಾಗ ಬೆಳ್ಳಗೇ ಇರಲಿ ಬಿಡಿ. ಮುಂದಿನ ಸಲ ಒಂದು ಸ್ಟಾಪ್ ಕಡಿಮೆಯಲ್ಲಿ ತೆಗೆಯಿರಿ.

ಓಬವ್ವನ ಕಿಂಡಿಯ ಫೋಟೋಗೂ ಇದೇ ಪ್ರಿಸೆಟ್ ಹಾಕಿದ್ದೇನೆ ಅಂದಿದ್ದೀರಿ. ಅದು ಪೂರ್ತಿ ಬೇರೆ ಕಥೆ. ಹೊರಗೆ ಬಿಸಿಲು, ಒಳಗೆ ಕತ್ತಲೆ. ಶ್ಯಾಡೋಸ್ ನೂರಕ್ಕೆ ಏರಿಸಿ ಒಳಗಿನ ಕಲ್ಲೆಲ್ಲ ಬೆಳಗಿಸಿದ ಫೋಟೋಗಳನ್ನು ಬೇಕಾದಷ್ಟು ನೋಡಿದ್ದೇನೆ. ಎಲ್ಲಾ ಕಾಣುತ್ತದೆ, ಕಿಂಡಿಯೇ ಕಾಣುವುದಿಲ್ಲ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿ ಬಂದಿದ್ದು, ಒನಕೆ ಹಿಡಿದು ಕಾದವಳು ಯಾರಿಗೂ ಕಾಣದೆ ನಿಂತಿದ್ದು ಎಲ್ಲವೂ ಆ ಇಕ್ಕಟ್ಟಿನಲ್ಲಿ ಅಲ್ವಾ? ನೋಡುವವರಿಗೂ ಆ ಇಕ್ಕಟ್ಟು ತಟ್ಟಬೇಕು. ಬಾಯಿಯ ಅಂಚಿನ ಕಲ್ಲಿನ ಒರಟು ಕಾಣುವಷ್ಟು ಮಾತ್ರ ನೆರಳನ್ನು ಎತ್ತಿ, ಒಳಭಾಗ ಕಪ್ಪಾಗಿಯೇ ಇರಲಿ. ಅಂಚಿಗೆ ಬ್ರಷ್ ಮಾಸ್ಕ್ ಹಾಕಿ ಟೆಕ್ಸ್ಚರ್ ಹತ್ತೋ ಹದಿನೈದೋ ಕೊಟ್ಟರೆ ಸಾಕು.

ದೂರದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಮಸುಕಾಗಿವೆ ಅಂತ ಇಡೀ ಚಿತ್ರಕ್ಕೆ ಮಂಜು ಕಳೆಯುವ ಡಿಹೇಜ್ ಹಾಕಬೇಡಿ. ಹತ್ತಿರದ ಬಂಡೆ ಮಸಿ ಬಳಿದಂತಾಗುತ್ತದೆ. ಗ್ರೇಡಿಯಂಟ್ ಮಾಸ್ಕಿನಿಂದ ದೂರದ ಪಟ್ಟಿಗೆ ಮಾತ್ರ ಸ್ವಲ್ಪ ಹಾಕಿ. ಆ ಮಂಜು ನನಗಂತೂ ಇಷ್ಟ, ದೂರ ಅನ್ನುವುದು ಗೊತ್ತಾಗುವುದೇ ಅದರಿಂದ.

ಇಷ್ಟೆಲ್ಲ ಮಾಡುವ ಮೊದಲು ಲ್ಯಾಪ್‌ಟಾಪಿನ ನೈಟ್ ಲೈಟ್ ಆಫ್ ಮಾಡಿ. ಅದು ಪರದೆಯ ನೀಲಿಯನ್ನೇ ನುಂಗುತ್ತದೆ, ಆಮೇಲೆ ನೀವು ಮಾಡಿದ ಬಣ್ಣದ ತೀರ್ಮಾನ ಒಂದೂ ನಿಲ್ಲುವುದಿಲ್ಲ. ಪರದೆಯ ಬೆಳಕನ್ನೂ ಪೂರ್ತಿ ಏರಿಸಿ ಕೂರಬೇಡಿ. ಹಾಗೆ ಎಡಿಟ್ ಮಾಡಿದ ಫೋಟೋ ಪ್ರಿಂಟ್ ಹಾಕಿಸಿದಾಗ ಕತ್ತಲೆ ಬರುತ್ತದೆ. ಆಲ್ಬಂ ಕೆಲಸದಲ್ಲಿ ಗಿರಾಕಿಗಳು ಹೊತ್ತು ತರುವ ತಕರಾರು ಬಹುಪಾಲು ಇದೇ.

ಕೊನೆಗೆ ಎಸ್‌ಆರ್‌ಜಿಬಿಯಲ್ಲಿ (ಫೋನ್, ಕಂಪ್ಯೂಟರ್ ಪರದೆಗಳಿಗೆ ಸಾಮಾನ್ಯವಾದ ಬಣ್ಣದ ಲೆಕ್ಕ) ಜೆಪೆಗ್ ತೆಗೆಯಿರಿ. ಕ್ವಾಲಿಟಿ 85-90 ಇದ್ದರೆ ಧಾರಾಳ. ರಾ ಫೈಲ್ ಮೊದಲಿನ ಹಾಗೇ ಇರುತ್ತದೆ, ಮಾಡಿದ ಬದಲಾವಣೆಯೆಲ್ಲ ಬೇರೆ ಕಡೆ ಉಳಿಯುತ್ತದೆ. ಹಾಗಾಗಿ ಧೈರ್ಯವಾಗಿ ಎಳೆದಾಡಿ ನೋಡಿ. ಗೆಳೆಯನಿಗೆ ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ. ಇಲ್ಲದಿದ್ದರೆ ಅದು ಹಿಂಡಿ ಕಳಿಸುತ್ತದೆ, ನೆರಳಿನ ನೀಲಿಯೆಲ್ಲ ಚೌಕ ಚೌಕ ಆಗಿಬಿಡುತ್ತದೆ.