ಮಣ್ಣು, ಉಣ್ಣೆ ಮತ್ತು ಎಕ್ಕದ ಕಾಯಿ

ನಿಮ್ಮ ಪ್ರಶ್ನೆ: "ಸುಟ್ಟ ಮಣ್ಣಿಗೆ ಉಣ್ಣೆ ಸೇರಿಸಿ ಕಲಾಕೃತಿ ಮಾಡುವವರು ಕಾಯಿ, ಕಲ್ಲುಗಳ ಆಕಾರವನ್ನು ಹೇಗೆ ತರುತ್ತಾರೆ? ಉಣ್ಣೆ ಸುಟ್ಟು ಹೋಗಲ್ವಾ?"

ಹೋಗುತ್ತದೆ. 300 ಡಿಗ್ರಿ ಹೊತ್ತಿಗೇ ಕರಕಲು. ನಮ್ಮ ಆವಿಗೆಯ, ಅಂದರೆ ಮಣ್ಣು ಸುಡುವ ಗೂಡಿನ, ಬಿಸಿ 900ರ ಆಸುಪಾಸು. ಹಾಗಾಗಿ ಮೊದಲು ಮಣ್ಣು ಸುಡಬೇಕು, ಉಣ್ಣೆ ಆಮೇಲೆ.

ನಾನು ಚಿತ್ರದುರ್ಗದವನು. ಶುರುವಿನಲ್ಲಿ ಮಾಡಿದ್ದೆಲ್ಲ ಬರೀ ನಕಲು. ಕೋಟೆಯ ಬಂಡೆ ನೋಡಿದರೆ ಬಂಡೆ, ಎಲೆ ನೋಡಿದರೆ ಎಲೆ. ಮೇಲೊಂದಿಷ್ಟು ಉಣ್ಣೆ ಅಂಟಿಸುತ್ತಿದ್ದೆ. ಗಡ್ಡ ಬಿಟ್ಟ ಕುಡಿಕೆ ಥರ ಕಾಣುತ್ತಿತ್ತು.

ಒಂದು ಬೇಸಿಗೆಯಲ್ಲಿ ಚಂದ್ರವಳ್ಳಿ ದಾರಿಯಲ್ಲಿ ಒಣಗಿದ ಎಕ್ಕದ ಕಾಯಿ ಸಿಕ್ಕಿತು. ಹೊರಗೆ ಗಟ್ಟಿ ಸಿಪ್ಪೆ. ಒಳಗೆ ಮೀನಿನ ಹುರುಪೆ ಹಾಗೆ ಒಂದರ ಮೇಲೊಂದು ಜೋಡಿಸಿದ ಬೀಜ, ಪ್ರತಿ ಬೀಜಕ್ಕೂ ರೇಷ್ಮೆಯಂಥ ಜುಟ್ಟು. ಸಿಪ್ಪೆ ಒಂದೇ ಪಕ್ಕದಲ್ಲಿ ಸೀಳಿತ್ತು, ಜುಟ್ಟು ಅಲ್ಲಿಂದ ಆಚೆ ಬರುತ್ತಿತ್ತು. ನಾನು ಹೊರಗಿನಿಂದ ಅಂಟಿಸುತ್ತಿದ್ದದ್ದು ಇಲ್ಲಿ ಒಳಗಿನಿಂದ ಹೊರಡುತ್ತಿತ್ತು! ಅವತ್ತಿನಿಂದ ಅಂಟು ಬಿಟ್ಟೆ. ಈಗ ಟೊಳ್ಳು ಕಾಯಿ ಮಾಡಿ, ಒಂದು ಸೀಳು ಬಿಟ್ಟು, ಅಂಚಿಗೆ ತೂತು ಕೊಟ್ಟು, ಉಣ್ಣೆಯನ್ನು ಒಳಗಿನಿಂದ ಪೋಣಿಸುತ್ತೇನೆ.

ತೂತು ಹಾಕುವುದು ಮಣ್ಣು ಅರೆ ಒಣಗಿದಾಗ. ಬೇಕಾದ್ದಕ್ಕಿಂತ ದೊಡ್ಡದಾಗಿಯೇ ಹಾಕಿ. ನನ್ನ ಕೆರೆಮಣ್ಣು ಒಣಗಿ ಸುಡುವಷ್ಟರಲ್ಲಿ ಶೇ. 10ರಷ್ಟು ಕುಗ್ಗುತ್ತದೆ. ಇದು ಮರೆತು ಒಮ್ಮೆ ದಾರವೇ ತೂರಲಿಲ್ಲ. ಡ್ರಿಲ್ ಹಿಡಿದೆ. ಎರಡು ವಾರದ ಕೆಲಸ ಎರಡು ಹೋಳು.

ಉಣ್ಣೆಗೆ ಚಳ್ಳಕೆರೆ ಕಡೆಯ ಕುರಿ ತುಪ್ಪಟವೇ ಸರಿ. ಒರಟು, ಕಪ್ಪು, ಬಣ್ಣ ಹಾಕುವ ಗೊಡವೆಯೂ ಇಲ್ಲ. ಅಂಗಡಿಯ ನುಣುಪಾದ ಉಣ್ಣೆ ಸುಮ್ನೆ ಮಲಗಿಬಿಡುತ್ತದೆ. ಕಂಬಳಿ ನೇಯುವವರು ನೂಲಿಗೆ ಹುಣಸೆಬೀಜದ ಗಂಜಿ ಹಚ್ಚುತ್ತಾರಲ್ವಾ, ಅದನ್ನೇ ತೆಳ್ಳಗೆ ಹಚ್ಚಿದರೆ ಎಳೆ ನೆಟ್ಟಗೆ ನಿಲ್ಲುತ್ತದೆ. ಜಾಸ್ತಿಯಾದರೆ ಪೊರಕೆ ಕಡ್ಡಿ ಆಗುತ್ತದೆ, ನೋಡಿಕೊಳ್ಳಿ.

ಮಣ್ಣು ಮುಟ್ಟುವ ಮೊದಲು ಬಲಿತ ಎಕ್ಕದ ಕಾಯಿ ತಂದು ಕಿಟಕಿಯಲ್ಲಿಟ್ಟು, ಸೀಳುವವರೆಗೆ ದಿನಾ ನೋಡಿ. ಕೀಳುವಾಗ ಹಾಲು ಕಣ್ಣಿಗೆ ತಾಗಬಾರದು. ಒಡೆದ ಮೇಲೆ ಫ್ಯಾನ್ ಹಾಕಬೇಡಿ. ನಮ್ಮ ಮನೆಯಲ್ಲಿ ಸಾರಿನ ಪಾತ್ರೆವರೆಗೂ ಹಾರಿತ್ತು.