ಗುರುವಿನ ಕಾಂತಕ್ಷೇತ್ರಕ್ಕೂ ಅದರ ಹಿಮದ ಚಂದ್ರಗಳಿಗೂ ಏನು ಸಂಬಂಧ?

ಮುಂಬೈನ ಮಾಟುಂಗಾದಲ್ಲಿ ನಮ್ಮ ಕನ್ನಡ ಮಕ್ಕಳೂ ಇದನ್ನೇ ಕೇಳುತ್ತಾರೆ. ತುಂಬಾ ಒಳ್ಳೆಯ ಪ್ರಶ್ನೆ.

ಗುರು ಸುಮಾರು 10 ಗಂಟೆಗೆ ಒಂದು ಸುತ್ತು ತಿರುಗುತ್ತದೆ. ಅದರ ಕಾಂತಕ್ಷೇತ್ರ, ಅದರಲ್ಲಿ ಸಿಕ್ಕಿಕೊಂಡ ವಿದ್ಯುತ್ ಕಣಗಳು ಎಲ್ಲವೂ ಜೊತೆಗೇ ತಿರುಗುತ್ತವೆ. ಯುರೋಪಾ ಚಂದ್ರನಿಗೆ ಗುರುವನ್ನು ಸುತ್ತಲು ಸುಮಾರು 85 ಗಂಟೆ ಬೇಕು. ಫಾಸ್ಟ್ ಲೋಕಲ್ ರೈಲು ಸ್ಲೋ ಲೋಕಲನ್ನು ಹಿಂದೆ ಹಾಕಿದಂತೆ ಕ್ಷೇತ್ರ ಚಂದ್ರನನ್ನು ಹಿಂದೆ ಹಾಕುತ್ತದೆ. ಕಣಗಳು ಜಾಸ್ತಿ ಬಡಿಯುವುದು ಚಂದ್ರನ ಬೆನ್ನಿಗೇ. ಅಲ್ಲಿ ಮಂಜುಗಡ್ಡೆ ಒಡೆದು ಆಮ್ಲಜನಕ ಹುಟ್ಟುತ್ತದೆ. ಗುರುವಿನ ಇನ್ನೊಂದು ಚಂದ್ರ ಅಯೋದ ಜ್ವಾಲಾಮುಖಿಗಳ ಗಂಧಕವೂ ಬಂದು ಸೇರುತ್ತದೆ.

ನನಗೆ ಅತಿ ಸೊಗಸೆನಿಸುವುದು ಮುಂದಿನದು. ಗುರುವಿನ ಕಾಂತ ಅಕ್ಷ ಅದು ತಿರುಗುವ ಅಕ್ಷದಿಂದ ಸುಮಾರು 10 ಡಿಗ್ರಿ ವಾಲಿದೆ. ಹಾಗಾಗಿ ಯುರೋಪಾದ ಬಳಿ ಕ್ಷೇತ್ರ ಸುಮಾರು 11 ಗಂಟೆಗೊಮ್ಮೆ (ಯುರೋಪಾವೂ ಮುಂದೆ ಸಾಗುತ್ತಿರುವುದರಿಂದ 10 ಅಲ್ಲ) ಅತ್ತಿತ್ತ ಬದಲಾಗುತ್ತದೆ. ಒಳಗೆ ಉಪ್ಪುನೀರಿದ್ದರೆ ಅದರಲ್ಲಿ ವಿದ್ಯುತ್ ಹರಿಯಬೇಕು, ಆ ವಿದ್ಯುತ್ತಿನಿಂದ ಎದುರು ಕ್ಷೇತ್ರ ಏಳಬೇಕು, ಅಲ್ವಾ? ಗುರುವಿನ ಬಳಿಗೆ ಹೋದ ಗೆಲಿಲಿಯೋ ನೌಕೆ ಅಳೆದದ್ದು ಅದನ್ನೇ. ಬರೀ ಮಂಜುಗಡ್ಡೆಯಲ್ಲಿ ಅಷ್ಟು ವಿದ್ಯುತ್ ಹರಿಯದು. ಹಿಮದಡಿ ಸಾಗರವಿದೆ ಎಂಬುದಕ್ಕೆ ಇದು ಬಹಳ ಗಟ್ಟಿ ಸುಳಿವು.

ಗುರುವಿನ ಮತ್ತೊಂದು ಹಿಮದ ಚಂದ್ರ ಗ್ಯಾನಿಮೀಡ್ ಬೇರೆ ಥರ. ಅದಕ್ಕೆ ಸ್ವಂತ ಕಾಂತಕ್ಷೇತ್ರವೇ ಇದೆ. ಅದು ಗೊತ್ತಾದದ್ದು 1996ರಲ್ಲಿ.

2024ರಲ್ಲಿ ಹೊರಟ ಯುರೋಪಾ ಕ್ಲಿಪ್ಪರ್ ನೌಕೆಯಲ್ಲೂ ಕಾಂತಮಾಪಕ ಇದೆ. ಸಾಗರದ ಆಳ, ಉಪ್ಪಿನಂಶ ಅಂದಾಜಿಸುವುದು ಅದರ ಕೆಲಸ.